ಗುಬ್ಬಚ್ಚಿ ಗೋಲು ಹೊಡೆಯದ ಭಾನುವಾರಗಳು

ಸುಗಟೂರಿನ ಬಸ್ಸು

ವಿದೇಶಕ್ಕೆ ಹೊರಟವನನ್ನು ಊರವರು ಹಾರ ಹಾಕಿ ಕಳಿಸುತ್ತಾರೆ ಎಂದು ನೀವು ಅಂದುಕೊಂಡಿದ್ದರೆ ನಮ್ಮ ಸುಗಟೂರಿನವರನ್ನು ನೀವು ಕಂಡಿಲ್ಲ. ಕೋಲಾರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಡೈರಿಗೆ ಹಾಲು ಹಾಕಿ ಬಂದ ಮುನಿಶಾಮಪ್ಪ ನನ್ನ ಹೊಸ ಸೂಟ್‌ಕೇಸನ್ನು ಕಾಲಿನಿಂದ ಮೆಲ್ಲಗೆ ತಳ್ಳಿ ನೋಡಿ, "ಏನ್ಲಾ, ಹುಳ ಇನ್ನಾ ಎರಡನೇ ಜ್ವರ ಎದ್ದವೆ ಅಷ್ಟೆ, ನೀನು ಆಗ್ಲೇ ಪರಾರಿನಾ?" ಅಂದ.

ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿಕೊಂಡು ಸುಮ್ಮನಿರುವುದನ್ನು ನಮ್ಮ ಕಡೆ ಹಾಗನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಮುನಿಶಾಮಪ್ಪ ಹೇಳಿದ ಹುಳುಗಳು ನನ್ನ ಅಕ್ಕ ನಾರಾಯಣಮ್ಮನ ಮನೆಯವು. ಮೊಟ್ಟೆ ತಂದುಕೊಟ್ಟವನು ನಾನು.

ನಾನು ರೇಷ್ಮೆ ಇಲಾಖೆಯ ನೌಕರ. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಎಂದು ಸೈಕಲ್ ತುಳಿದು, ಎಂಬತ್ತರ ದಶಕದ ನಡುವೆ ಸ್ವಂತ ತಾಲ್ಲೂಕಿಗೆ ವರ್ಗವಾಗಿ ಬಂದಿದ್ದೆ. ಆ ವರ್ಷ ಸರ್ಕಾರಿ ಫಾರಂನಲ್ಲಿ ಒಂದು ಹೊಸ ತಳಿ ಚೆನ್ನಾಗಿ ಗೂಡು ಕಟ್ಟಿತ್ತು. ಬಿಳೀ ಗೂಡು, ಉದ್ದ ನೂಲು. ಅದನ್ನು ಊರಿಗೆ ತರಬೇಕೆಂದು ನನಗೆ ಹುಚ್ಚು ಹಿಡಿದಿತ್ತು. ಹತ್ತು ಮನೆ ಹತ್ತಿ ಇಳಿದೆ. "ಮೊದ್ಲು ಯಾರಾನಾ ಸಾಕ್ಲಿ, ಆಮೇಲ್ ನೋಡಾಣ" ಎಂದು ಹತ್ತು ಮನೆಯವರೂ ಹೇಳಿದರು. ಕೊನೆಗೆ ಅಕ್ಕ ಡೈರಿ ಮುಂದೆ ಎಲ್ಲರ ಎದುರಿಗೆ, "ನನ್ ತಮ್ಮ ಸುಳ್ಳು ಹೇಳಾನಲ್ಲ, ನಾನ್ ಸಾಕ್ತೀನಿ" ಅಂದಳು.

ಅವಳಿಗೆ ನಾನು ಹೇಳಿದ್ದು ಒಂದೇ ಮಾತು: "ಹಳೇ ಹುಳ ಸಾಕೋ ಹಂಗೇ ಸಾಕು. ಅದೇ ತಟ್ಟೆ, ಅದೇ ಮನೆ. ಬೇರೆ ಏನೂ ಕಷ್ಟ ಇಲ್ಲ." ಈ ಮಾತನ್ನು ನೆನಪಿಡಿ. ಆರು ವಾರ ನನ್ನನ್ನು ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಬಿಡದೆ ಅಲೆಸಿದ್ದು ಈ ಮಾತೇ.

ಕೆಂಪು ಮಣ್ಣು

ಆರು ವಾರ ಅಲ್ಲಿನ ಸಾಕಣೆ ನೋಡಿ ಕಲಿತು ಬಾ ಎಂದು ಇಲಾಖೆ ನನ್ನನ್ನು ಕಳಿಸಿದ್ದು ಬ್ರೆಜಿಲ್‌ಗೆ. ಆ ದೇಶದಲ್ಲಿ ರೇಷ್ಮೆ ಬೆಳೆಯುತ್ತಾರೆಂಬುದು ಆದೇಶದ ಕಾಗದ ಕೈಗೆ ಬರುವವರೆಗೆ ನನಗೂ ಗೊತ್ತಿರಲಿಲ್ಲ. ವಿಮಾನಗಳ ಕಥೆ ಬೇಡ. ಮೂರು ದಿನ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಅಕ್ಕ ಕಟ್ಟಿಕೊಟ್ಟ ಹುರಿಹಿಟ್ಟು ತಿಂದುಕೊಂಡು ಹೋದೆ. ಪರಾನಾ ಎಂಬ ರಾಜ್ಯದ ಸಣ್ಣ ಊರೊಂದರಲ್ಲಿ ಬಸ್ಸಿನಿಂದ ಇಳಿದಾಗ ಪ್ಯಾಂಟಿನ ಅಂಚಿಗೆ ಕೆಂಪು ಧೂಳು ಮೆತ್ತಿಕೊಂಡಿತು. ಬಗ್ಗಿ ಮುಟ್ಟಿ ನೋಡಿದೆ. ನಮ್ಮೂರಿಂದ ಕ್ಯಾಲನೂರಿಗೆ ಹೋಗುವ ದಾರಿಯ ಮಣ್ಣೇ! ಕೊಂಚ ಹೆಚ್ಚು ಕೆಂಪು, ಅಷ್ಟೆ. ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನನ್ನನ್ನು ಕರೆದೊಯ್ಯಲು ಬಂದವರು ಹಿರೋಶಿ. ಅವರ ತಂದೆ ತಾಯಿ ಜಪಾನಿನಿಂದ ಬಂದು ಇಲ್ಲಿ ಹಿಪ್ಪುನೇರಳೆ ನೆಟ್ಟವರು. ಅವರಿಗೆ ಇಂಗ್ಲಿಷು ನನ್ನಷ್ಟೇ ಬರುತ್ತಿತ್ತು, ಅಂದರೆ ಕೈಗಳನ್ನೂ ಬಳಸಿದರೆ ಸಾಕಷ್ಟು ಬರುತ್ತಿತ್ತು. ತೋಟದಲ್ಲಿ ಇನ್ನಿಬ್ಬರು ಖಾಯಂ ಜನ. ಹುಳುಮನೆ ನೋಡಿಕೊಳ್ಳುವ ಬೆನೆದಿತೊ, ಅಡುಗೆಯ ಜೆಫಾ. ಇಬ್ಬರೂ ಅರವತ್ತರ ಹತ್ತಿರದವರು. ಹಿರೋಶಿ ನನಗೆ ಅವರ ಮಾತನ್ನು ಹರಕು ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದರು. ನಾನು ಅದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಬೆನೆದಿತೊ ಕೋಲಾರದಲ್ಲಿ ಹುಟ್ಟಿದ್ದರೆ ಹೀಗೇ ಮಾತಾಡುತ್ತಿದ್ದ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಅವನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ನನ್ನ ಹೆಸರಲ್ಲ. "ನಿಮ್ಮೂರಾಗೆ ಗುಬ್ಬಚ್ಚಿ ವಿಚಾರ ಏನ್ ಮಾತಾಡ್ತಾರೆ?" ಎಂದು.

ಅವನ ಬಾಯಲ್ಲಿ ಬಂದದ್ದು ಪರ್ದಾಲ್, ಅವರ ಭಾಷೆಯಲ್ಲಿ ಗುಬ್ಬಚ್ಚಿ. ಅದು ಒಬ್ಬ ಫುಟ್‌ಬಾಲ್ ಆಟಗಾರನ ಅಡ್ಡಹೆಸರು. ಈ ಊರಿನ ಚರ್ಚಿನ ಹಿಂದೆ ಬರಿಗಾಲಲ್ಲಿ ಆಡಿ ಬೆಳೆದವನು, ಊರ ಕ್ಲಬ್ಬಿಗೆ ರಾಶಿ ರಾಶಿ ಗೋಲು ಹೊಡೆದವನು. ಅವನನ್ನು ಆ ವರ್ಷ ರಾಜಧಾನಿಯ ದೊಡ್ಡ ಕ್ಲಬ್ಬಿನವರು ಕರೆದುಕೊಂಡು ಹೋಗಿದ್ದರು. ಹೋದವನು ಅಲ್ಲಿ ಒಂದೇ ಒಂದು ಗೋಲೂ ಹೊಡೆದಿರಲಿಲ್ಲ. ಇಡೀ ಊರು ಹಲ್ಲುನೋವು ಬಂದವರ ಹಾಗೆ ದವಡೆ ಹಿಡಿದುಕೊಂಡು ಓಡಾಡುತ್ತಿತ್ತು.

ನನಗೆ ಫುಟ್‌ಬಾಲ್ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಚಿನ್ನದ ಗಣಿಯ ಊರಿನಲ್ಲಿ ಒಮ್ಮೆ ಪಂದ್ಯ ನೋಡಿದ್ದೆ, ಅದೂ ಬಸ್ಸು ತಪ್ಪಿದ್ದಕ್ಕೆ. "ನಮ್ಮೂರಲ್ಲಿ ಗುಬ್ಬಚ್ಚಿ ವಿಚಾರ ಯಾರೂ ಮಾತಾಡಲ್ಲ" ಎಂದು ನಿಜ ಹೇಳಿಬಿಟ್ಟೆ. ಬೆನೆದಿತೊ ನನ್ನ ಸೂಟ್‌ಕೇಸನ್ನು ಅಲ್ಲೇ ಇಳಿಸಿ ಹೊರಟುಹೋದ. ಅದನ್ನು ನಾನೇ ಹೊತ್ತುಕೊಂಡು ಹೋದೆ.

ಮೂರನೆಯ ದಿನ

ಹಿರೋಶಿಯವರ ಹುಳುಮನೆಗೆ ಕಾಲಿಟ್ಟಾಗ ಮೊದಲು ಕಂಡದ್ದು ಹುಳುವಲ್ಲ, ಜಾಗ. ಎತ್ತರದ ಸೂರು, ಎರಡು ಕಡೆಯೂ ತೆರೆದು ಪರದೆ ಇಳಿಬಿಟ್ಟ ಗೋಡೆ, ಉದ್ದಕ್ಕೂ ಗಾಳಿ. ಹುಳುಗಳು ಕೊಂಬೆ ಸಮೇತ ಹಾಕಿದ ಸೊಪ್ಪಿನ ಮೇಲೆ ದೂರ ದೂರ ಮಲಗಿದ್ದವು. ನಮ್ಮ ಕಡೆ ಒಂದು ತಟ್ಟೆಯಲ್ಲಿ ಸಾಕುವಷ್ಟಕ್ಕೆ ಇವರು ಎರಡು ತಟ್ಟೆಯ ಜಾಗ ಬಿಟ್ಟಿದ್ದರು.

"ಇಷ್ಟು ಜಾಗ ಯಾಕೆ?" ಎಂದೆ.

"ಇದು ದೊಡ್ಡ ಮೈಯ ತಳಿ. ನಾಲ್ಕನೇ ಜ್ವರ ಎದ್ದ ಮೇಲೆ ಒತ್ತಾಗಿಟ್ಟರೆ ಉಸಿರು ಕಟ್ಟಿ ಸಪ್ಪೆ ಬೀಳುತ್ತದೆ, ಮೈ ಕೊಳೆತು ಸಾಯುತ್ತದೆ. ನಿಮಗೆ ಗೊತ್ತಿರಬೇಕಲ್ಲ" ಎಂದರು ಹಿರೋಶಿ.

ಗೊತ್ತಿರಬೇಕಾಗಿತ್ತು. ಅಕ್ಕನಿಗೆ ಕೊಟ್ಟದ್ದೂ ದೊಡ್ಡ ಮೈಯ ತಳಿಯೇ, ಫಾರಂನಲ್ಲೂ ಅದನ್ನು ಹೀಗೆ ಹರಡಿ ಇಟ್ಟಿದ್ದನ್ನು ನಾನು ನೋಡಿದ್ದೆ. ಆದರೆ ಜಾಗ ಜಾಸ್ತಿ ಬೇಕು ಎಂದರೆ ಯಾರೂ ಮೊಟ್ಟೆ ಮುಟ್ಟುವುದಿಲ್ಲವೆಂದು ಆ ಮಾತನ್ನು ನುಂಗಿಕೊಂಡಿದ್ದೆ. ಅಕ್ಕನ ಮನೆಯ ನಡುಕೋಣೆ ಕಣ್ಣಿಗೆ ಕಟ್ಟಿತು. ಒಂದೇ ಕಿಟಕಿ, ಅದಕ್ಕೂ ಗೋಣಿ ತಾಟು. ಬೆರಳು ಮಡಿಸಿ ಲೆಕ್ಕ ಹಾಕಿದೆ. ಮೂರನೇ ಜ್ವರ ಎದ್ದಿರಬೇಕು, ಇನ್ನೂ ಹೊತ್ತಿದೆ.

ಊರಿನ ಅಂಚೆ ಕಚೇರಿಗೆ ಓಡಿದೆ. ಎರಡರಷ್ಟು ತಟ್ಟೆಗೆ ಹರಡು, ಕಿಟಕಿ ತೆಗೆ ಎಂದು ಇಂಗ್ಲಿಷಿನಲ್ಲಿ ಬರೆದು ತಂತಿಗೆ ಕೊಟ್ಟೆ. ಕಿಟಕಿಯ ಹಿಂದಿದ್ದ ಗುಮಾಸ್ತ ಅದನ್ನು ಮೂರು ಸಲ ಓದಿ, ಸುಗಟೂರು ಎಂಬ ಊರನ್ನು ಮೂರು ಥರ ಉಚ್ಚರಿಸಿ, ಬೆನ್ನಿನ ಹಿಂದೆ ಗೋಡೆಗೆ ಅಂಟಿಸಿದ್ದ ಗುಬ್ಬಚ್ಚಿಯ ಚಿತ್ರ ತೋರಿಸಿ ಏನೋ ಕೇಳಿದ. ನನಗೆ ಅರ್ಥವಾಗದಿದ್ದರೂ ಎರಡೂ ಕೈ ಜೋಡಿಸಿ ಮುಗಿದೆ. ಅವನಿಗೆ ಸಮಾಧಾನವಾಯಿತು. ತಂತಿ ಹೋಯಿತು.

ಮೊದಲ ಭಾನುವಾರ

ಭಾನುವಾರ ಮಧ್ಯಾಹ್ನ ಹಿರೋಶಿಯವರ ಅಂಗಳಕ್ಕೆ ಅಕ್ಕಪಕ್ಕದ ತೋಟದವರೆಲ್ಲ ಬಂದರು. ಹುಳುಮನೆಯ ಪಕ್ಕದ ಕಟ್ಟೆಯ ಮೇಲೆ ಬೆನೆದಿತೊನ ರೇಡಿಯೊ. ಅದರ ಬೆನ್ನು ಬಿಚ್ಚಿಹೋಗಿದ್ದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿದ್ದ. ಅದರ ಸುತ್ತ ಗುಂಪು. ಗುಂಪು ಎಂದರೆ ನಮ್ಮ ಪಂಚಾಯ್ತಿ ಕಟ್ಟೆಯೇ. ಎಲ್ಲರೂ ಒಟ್ಟಿಗೆ ಮಾತಾಡುವುದು, ಯಾರೂ ಕೇಳಿಸಿಕೊಳ್ಳದಿರುವುದು.

"ಊಟ ಜಾಸ್ತಿ ಆಗೈತೆ ಅವನ್ಗೆ. ಕಾಲು ಭಾರ" ಎಂದ ಒಬ್ಬ.

"ಕಾಲಲ್ಲ ಕಣೋ, ತಲೆ ಭಾರ. ಪಟ್ಣದ ಗಾಳಿ" ಎಂದ ಇನ್ನೊಬ್ಬ.

ಜೆಫಾ ಸೌಟು ಹಿಡಿದು ನಡುವೆ ಬಂದಳು. "ಬಾಯ್ ಮುಚ್ಚ್ರೋ. ಇಲ್ಲಿ ಆಡೋವಾಗ ಅವನ ಮುಂದೆ ಬಯಲಿತ್ತು, ಓಡ್ತಿದ್ದ. ಅಲ್ಲಿ ಎಲ್ರೂ ಅವನ ಸುತ್ತಾನೇ ಒತ್ಕೊಂಡು ನಿಲ್ತಾರೆ. ಓಡಾಕೆ ಜಾಗ ಎಲ್ಲೈತೆ? ಅವನೇನ್ ಮಾಡ್ತಾನೆ ಪಾಪ!"

ಹಿರೋಶಿ ಇದನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಜೆಫಾ ಗುಬ್ಬಚ್ಚಿಯ ವಿಷಯ ಮಾತಾಡುತ್ತಿದ್ದಳು. ನನಗೆ ಅಕ್ಕನ ನಡುಕೋಣೆಯ ತಟ್ಟೆಗಳು ಕಾಣುತ್ತಿದ್ದವು.

ಆ ದಿನವೂ ಗುಬ್ಬಚ್ಚಿ ಗೋಲು ಹೊಡೆಯಲಿಲ್ಲ. ಆಗ ನಡೆದದ್ದು ನನಗೆ ವಿಚಿತ್ರವಾಗಿ ಕಂಡಿತು. ಪಂದ್ಯ ಮುಗಿದೊಡನೆ ಬೆನೆದಿತೊ ಎದ್ದು ನಿಂತು, ಟೋಪಿ ತೆಗೆದು, "ಕುಲ್ಪ ಮಿಂಯ" ಅಂದ. ತಪ್ಪು ನನ್ನದು ಎಂದು ಅರ್ಥ. ಹೊಸ ಚಪ್ಪಲಿ ಹಾಕಿಕೊಂಡು ಬಂದೆ, ಅದಕ್ಕೇ ಹೀಗಾಯಿತು ಎಂದ. ಗುಂಪಿನವರು ತಲೆದೂಗಿ ಅವನ ಬೆನ್ನು ತಟ್ಟಿ ಮನೆಗೆ ಹೊರಟರು. ಗುಬ್ಬಚ್ಚಿಯನ್ನು ಬೈಯುತ್ತಿದ್ದವರೂ ಸುಮ್ಮನಾದರು. ಪ್ರತಿ ಭಾನುವಾರವೂ ಇಲ್ಲಿ ಯಾರಾದರೊಬ್ಬರು ಹೀಗೆ ತಪ್ಪು ಹೊತ್ತುಕೊಳ್ಳುತ್ತಾರಂತೆ. ಹೋದ ವಾರ ಜೆಫಾ, ಅದಕ್ಕೂ ಹಿಂದಿನ ವಾರ ಪಾದ್ರಿಗಳು.

ನನಗೆ ನಗು ತಡೆಯಲಾಗಲಿಲ್ಲ. ಚಪ್ಪಲಿಗೂ ಗೋಲಿಗೂ ಏನು ಸಂಬಂಧ? ನಮ್ಮ ಜನರೇ ಮೂಢರು ಎಂದುಕೊಂಡಿದ್ದೆ, ಇವರು ನಮ್ಮನ್ನೂ ಮೀರಿಸಿದರು ಎಂದು ಒಳಗೇ ಹಿಗ್ಗಿದೆ. ಆ ಹಿಗ್ಗು ಒಂದೇ ವಾರ ಬಾಳಿತು.

ಒಂದು ಬಕೆಟ್ ನೀರು

ಆ ವಾರವೆಲ್ಲ ನಾನು ಕಾಗದದ ದಾರಿ ಕಾದೆ. ಬರುವುದಕ್ಕೆ ಇನ್ನೂ ಮೂರು ವಾರ ಬೇಕೆಂದು ಗೊತ್ತಿದ್ದೂ ಬೆಳಗಾದರೆ ರಸ್ತೆಯ ತುದಿಗೆ ಹೋಗಿ ನಿಲ್ಲುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಜೆಫಾಳ ಕಪ್ಪು ಹುರುಳಿಯಂಥ ಕಾಳಿನ ಸಾರು ನಮ್ಮ ಅಲಸಂದೆ ಸಾರಿನ ಹತ್ತಿರದ ನೆಂಟ. ಅದಕ್ಕೆ ಮುದ್ದೆಯಿದ್ದರೆ ಎಂದು ಆಸೆಯಾಗಿ, ಮರಗೆಣಸಿನ ಹಿಟ್ಟು ಇಸಿದುಕೊಂಡು ನಾನೇ ಮುದ್ದೆ ತೊಳಸಿದೆ. ಅದು ಮುದ್ದೆಯಾಗಲಿಲ್ಲ, ಗೋಂದಾಯಿತು. ಬಾಯಿಗೆ ಹಾಕಿಕೊಂಡ ಬೆನೆದಿತೊ ಅರ್ಧ ಗಂಟೆ ಗುಬ್ಬಚ್ಚಿಯ ಸುದ್ದಿ ಎತ್ತಲಿಲ್ಲ. ಅವನನ್ನು ಸುಮ್ಮನಿರಿಸಿದ ಏಕೈಕ ವಿದೇಶಿ ನಾನು ಎಂದು ಜೆಫಾ ಎಲ್ಲರಿಗೂ ಹೇಳಿಕೊಂಡು ಬಂದಳು.

ಎರಡನೆಯ ಭಾನುವಾರ ಯಾರದೋ ಹುಟ್ಟುಹಬ್ಬ. ಗುಂಪಿನವರು ಕಟ್ಟೆಯ ಪಕ್ಕ ಇದ್ದಿಲ ಒಲೆ ಹೊತ್ತಿಸಿ ಮಾಂಸ ಸುಡುತ್ತಿದ್ದರು. ಕೊಬ್ಬು ತೊಟ್ಟಿಕ್ಕಿ ದಟ್ಟ ಹೊಗೆ ಎದ್ದು ನೇರವಾಗಿ ಹುಳುಮನೆಯ ಕಡೆ ಹೊರಟಿತು. ಒಳಗೆ ಹುಳುಗಳು ಕೊನೆಯ ಮೇವಿನಲ್ಲಿದ್ದವು.

ಈಗ ನಿಮಗೆ ನಮ್ಮ ಮನೆಯ ವಿಷಯ ಹೇಳಬೇಕು. ಮನೆಯಲ್ಲಿ ಹುಳು ಇರುವಷ್ಟು ದಿನ ಅಕ್ಕ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಸಿಡಿದ ಘಾಟು, ಮೆಣಸಿನಕಾಯಿಯ ಹೊಗೆ, ಬೀಡಿಯ ವಾಸನೆ ಯಾವುದೂ ಹುಳುವಿಗೆ ಆಗದು ಎಂದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೇ ಕಟ್ಟು. ತಿಂಗಳು ಪೂರ್ತಿ ಸಪ್ಪೆ ಸಾರು. ಭಾವ ಬೀಡಿ ಸೇದಲು ಹೊಲದವರೆಗೆ ನಡೆಯುತ್ತಾರೆ. ಇದರಲ್ಲಿ ಬೆಳೆದವನು ನಾನು. ಹೊಗೆ ಹುಳುಮನೆಯ ಪರದೆ ಸವರಿದ್ದೇ ತಡ, ಯೋಚನೆ ಮಾಡಲು ತಲೆಗೆ ಪುರುಸೊತ್ತೇ ಸಿಗಲಿಲ್ಲ. ಬಾವಿಯ ಬಳಿಯಿದ್ದ ಬಕೆಟ್ ಎತ್ತಿ ಒಲೆಯ ಮೇಲೆ, ಮಾಂಸದ ಮೇಲೆ ದಬದಬ ಸುರಿದುಬಿಟ್ಟೆ.

ಬುಸ್ ಎಂದಿತು. ಇಪ್ಪತ್ತು ಜನ ತಿರುಗಿ ನನ್ನನ್ನೇ ನೋಡಿದರು. ಇನ್ನು ನನ್ನನ್ನೇ ಸುಡುತ್ತಾರೆ ಎಂದುಕೊಂಡೆ. ಅದೇ ಗಳಿಗೆಗೆ ರೇಡಿಯೊದಲ್ಲಿ ವರದಿಗಾರ ಗೋಲ್ ಎಂಬ ಒಂದು ಶಬ್ದವನ್ನು ಕೂಗಲು ಶುರುಮಾಡಿ ನಿಲ್ಲಿಸಲೇ ಇಲ್ಲ. ಗುಬ್ಬಚ್ಚಿ! ಹೊಸ ಕ್ಲಬ್ಬಿನಲ್ಲಿ ಅವನ ಮೊದಲ ಗೋಲು.

ಬೆನೆದಿತೊ ನನ್ನನ್ನು ಎತ್ತಿ ಕುಣಿದ. ಜೆಫಾ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಕೋಲಾರ ಜಿಲ್ಲೆಯಲ್ಲಿ ಇದುವರೆಗೆ ನನಗೆ ಯಾರೂ ಅಷ್ಟು ಜನರ ಮುಂದೆ ಹಾಗೆ ಮಾಡಿಲ್ಲ.

ಸಂಜೆ ಹಿರೋಶಿಯವರಲ್ಲಿ ಕ್ಷಮೆ ಕೇಳಿದೆ. ಅವರು ನಗಲಿಲ್ಲ. "ಈ ಸೂರು ಎತ್ತರ, ಗಾಳಿ ಹೊಗೆಯನ್ನು ಒಯ್ದುಬಿಡುತ್ತದೆ. ಆದರೆ ನನ್ನ ತಾಯಿಯೂ ಹುಳುವಿದ್ದಾಗ ಮೀನು ಸುಡುತ್ತಿರಲಿಲ್ಲ" ಎಂದರು.

ಮುಂದಿನ ಭಾನುವಾರಗಳು

ಅಲ್ಲಿಂದಾಚೆ ನನಗೆ ಕೆಲಸ ಸಿಕ್ಕಿತು. ಪ್ರತಿ ಪಂದ್ಯಕ್ಕೂ ಒಂದು ಬಕೆಟ್ ನೀರು ತುಂಬಿಟ್ಟು, ಗುಬ್ಬಚ್ಚಿಗೆ ಚೆಂಡು ಸಿಕ್ಕಿತೆಂದರೆ ಬೆನೆದಿತೊ ನನ್ನ ಭುಜ ತಿವಿಯುತ್ತಿದ್ದ. ನಾನು ಸುರಿಯಬೇಕು. ಬರೀ ನೆಲಕ್ಕೆ ಸುರಿದರೆ ಆಗದು, ಕೆಂಡವೇ ಬೇಕು ಎಂದು ಅದಕ್ಕಾಗಿ ಒಂದು ಸಣ್ಣ ಒಲೆ ಬೇರೆ. ಮೂರನೆಯ ವಾರ ಗೋಲಿಲ್ಲ. ನಾಲ್ಕನೆಯ ವಾರವೂ ಇಲ್ಲ. "ಎಡಗೈಲಿ ಸುರಿದ" ಎಂದ ಒಬ್ಬ. "ನೀರು ಬೆಚ್ಚಗಿತ್ತು" ಎಂದ ಮತ್ತೊಬ್ಬ. ಗುಬ್ಬಚ್ಚಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಿಲ್ಲವಂತೆ, ವಾಪಸು ಕಳಿಸುತ್ತಾರಂತೆ ಎಂಬ ಗಾಳಿಸುದ್ದಿ ಹಬ್ಬಿತು.

ಐದನೆಯ ಭಾನುವಾರ ಆ ವರ್ಷದ ಕೊನೆಯ ಪಂದ್ಯ. ನಾನು ಅಷ್ಟು ಹೊತ್ತಿಗೆ ಅರ್ಧ ಹುಚ್ಚನಾಗಿದ್ದೆ. ಲೆಕ್ಕದ ಪ್ರಕಾರ ಅಕ್ಕನ ಹುಳು ಗೂಡು ಕಟ್ಟಿ ಎರಡು ವಾರವೇ ಕಳೆದಿರಬೇಕು. ತಂತಿ ತಲುಪಿತೋ ಇಲ್ಲವೋ? ಗುಬ್ಬಚ್ಚಿ ಗೋಲು ಹೊಡೆದರೆ ಅಕ್ಕನ ಹುಳು ಗೂಡು ಕಟ್ಟಿದೆ ಎಂದು ಅರ್ಥ ಅಂತ ನನ್ನಷ್ಟಕ್ಕೆ ನಾನೇ ಗಂಟು ಹಾಕಿಕೊಂಡೆ. ಚಪ್ಪಲಿಗೂ ಗೋಲಿಗೂ ಏನು ಸಂಬಂಧ ಎಂದು ನಕ್ಕಿದ್ದವನು ನಾನೇ.

ಗುಬ್ಬಚ್ಚಿ ಪೆನಾಲ್ಟಿ ಹೊಡೆಯಲು ನಿಂತ. ನಾನು ಸುರಿದೆ. ಚೆಂಡು ಕಂಬಕ್ಕೆ ಬಡಿದು ಆಚೆ ಹೋಯಿತು.

ಪಂದ್ಯ ಮುಗಿದಾಗ ಯಾರೂ ಏಳಲಿಲ್ಲ. ಬೆನೆದಿತೊ ರೇಡಿಯೊದ ಪಟ್ಟಿಯನ್ನು ಬಿಚ್ಚಿ ಕಟ್ಟುತ್ತ ಕೂತಿದ್ದ, ಕಣ್ಣು ಒದ್ದೆಯಾಗಿತ್ತು. ನಾನು ಎದ್ದು ನಿಂತೆ. "ಕುಲ್ಪ ಮಿಂಯ" ಅಂದೆ. "ಬಕೆಟ್ಟು ಪೂರ್ತಿ ತುಂಬಿರಲಿಲ್ಲ." ಗುಂಪು ತಲೆದೂಗಿತು. ಒಬ್ಬೊಬ್ಬರಾಗಿ ಬಂದು ನನ್ನ ಬೆನ್ನು ತಟ್ಟಿ ಹೋದರು. ಬೆನೆದಿತೊ ಕೊನೆಯಲ್ಲಿ ಬಂದು, "ಥ್ಯಾಂಕ್ಸ್ ಕಣಪ್ಪ. ಅವನು ವಾಪಸ್ ಬಂದ್ರೆ ತಲೆ ಎತ್ಕೊಂಡು ಬೀದೀಲಿ ಓಡಾಡ್ಬೇಕಲ್ಲ" ಅಂದ. ಆ ಮಾತು ಕೇಳಿದಾಗಲೇ ನನಗೆ ಇದು ಮೂಢನಂಬಿಕೆಯಲ್ಲ, ಬೇರೇನೋ ಎಂದು ಮೊದಲ ಸಲ ಹೊಳೆಯಿತು.

ಕಾಗದ ಬಂದ ದಿನ

ಹೊರಡುವುದಕ್ಕೆ ಎರಡು ದಿನವಿದ್ದಾಗ ಕಾಗದ ಬಂತು. ಅಕ್ಕನಿಗೆ ಬರೆಯಲು ಬಾರದು. ಶಾಲೆಯ ಮೇಷ್ಟ್ರಿಂದ ಬರೆಸಿದ್ದಳು. ಅವರು ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಇಳಿಸಿದ್ದರು.

"ತಮ್ಮಯ್ಯ, ಹುಸಾರಾಗಿದ್ದೀಯಾ. ನಿನ್ ತಂತಿ ಬಂತು. ಇಂಗ್ಲಿಷಾಗಿತ್ತು. ಮೇಷ್ಟ್ರು ರಜಾದಾಗಿದ್ರು, ಅವರು ಬಂದು ಓದಿ ಹೇಳೋ ಹೊತ್ಗೆ ಹುಳ ಸಪ್ಪೆ ಬಿದ್ದೋಗಿದ್ವು. ಎಲ್ಲಾ ಎತ್ತಿ ಗುಂಡೀಗೆ ಹಾಕಿದ್ವಿ. ನೀನು ಎದೆ ಹೊಡ್ಕೋಬೇಡ. ಊರಾಗೆ ಯಾರೂ ನಿನ್ನ ಮೊಟ್ಟೇನ ಏನೂ ಅಂದಿಲ್ಲ. ನಾನೇ ಎಲ್ರಿಗೂ ಹೇಳಿದೀನಿ, ಮರೆತು ಹುಳ ಇರೋ ಮನೇಲಿ ಮೆಣಸಿನಕಾಯಿ ಒಗ್ಗರಣೆ ಹಾಕ್ಬಿಟ್ಟೆ, ಅದ್ಕೇ ಹೋದ್ವು ಅಂತ. ಮುನಿಶಾಮಪ್ಪ ನಿಂಗೆ ಬುದ್ಧಿ ಇಲ್ವಾ ಅಂದ. ಇಲ್ಲ ಅಂದೆ."

ಅಕ್ಕ ಮದುವೆಯಾದಾಗಿನಿಂದ, ಹುಳುವಿದ್ದ ಒಂದು ದಿನವೂ ಒಲೆಯ ಮೇಲೆ ಸಾಸಿವೆ ಸಿಡಿಸಿದವಳಲ್ಲ. ತನ್ನ ಮಗನ ನಾಮಕರಣಕ್ಕೂ ಸಪ್ಪೆ ಸಾರು ಬಡಿಸಿದವಳು. ನನ್ನ ತಂತಿ ಓದಿಸಿಕೊಂಡ ಮೇಲೆ ತಪ್ಪು ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಊರಿನ ಮುಂದೆ ತನ್ನ ಹೆಸರನ್ನು ಕೆಡಿಸಿಕೊಂಡು, ನನ್ನದನ್ನು ಉಳಿಸಿದ್ದಳು.

ನಾನು ಬಾವಿಯ ಬಳಿ ಕೂತು ಅತ್ತೆ. ಜೆಫಾ ಬಂದು ಏನಾಯಿತೆಂದು ಕೇಳಿದಳು. ಹಿರೋಶಿಯವರನ್ನು ಕರೆದು, ಅಕ್ಕ ಹೇಳಿದ ಸುಳ್ಳನ್ನು ವಿವರಿಸಿದೆ. ಪರದೇಶದವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಜೆಫಾಳಿಗೆ ಅರ್ಧದಲ್ಲೇ ತಿಳಿದುಹೋಯಿತು. ಎದೆ ಮುಟ್ಟಿಕೊಂಡು, "ನಿಮ್ಮಕ್ಕ ನಮ್ಮೋಳು" ಅಂದಳು.

ಮತ್ತೆ ಸುಗಟೂರು

ದಾರಿಯುದ್ದಕ್ಕೂ ಒಂದೇ ಯೋಚನೆ. ಗುಬ್ಬಚ್ಚಿಗಾಗಿ ತಪ್ಪು ಹೊತ್ತವರಿಂದ ಯಾರಿಗೂ ಕೇಡಿಲ್ಲ. ಅಕ್ಕನ ಸುಳ್ಳು ಹಾಗಲ್ಲ. ಮೊಟ್ಟೆಯದು ತಪ್ಪಿಲ್ಲ, ಒಗ್ಗರಣೆಯದು ತಪ್ಪು ಎಂದು ನಂಬಿ ಆ ಹತ್ತು ಮನೆಯವರೂ ಈಗ ಹುಳು ತಂದು, ಅದೇ ಕೋಣೆಯಲ್ಲಿ ಒತ್ತಾಗಿ ಸಾಕಿದರೆ? ನನ್ನ ಹೆಸರು ಉಳಿಯಲು ಅವರ ಹುಳುಗಳೂ ಗುಂಡಿಗೆ ಹೋಗಬೇಕು.

ಸಂಜೆಯ ಬಸ್ಸಿಗೆ ಸುಗಟೂರಿನಲ್ಲಿ ಇಳಿದೆ. ನೇರ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿ, "ಒರೇ, ಎಷ್ಟು ಸೊರಗಿದ್ದೀಯೋ! ಆ ದೇಶದಾಗೆ ಕೂಳಿಲ್ವಾ?" ಎಂದು ಕೆನ್ನೆ ಸವರಿದಳು. ಕಾಗದದ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಫಾರಿನ್ನಿನಿಂದ ಬಂದವನನ್ನು ನೋಡಲು ಮುನಿಶಾಮಪ್ಪ ಆಗಲೇ ಜಗಲಿಯ ಮೇಲೆ ಬಂದು ಕೂತಿದ್ದ, ಅವನ ಹಿಂದೆ ಇನ್ನೂ ನಾಲ್ಕೈದು ಮಂದಿ.

ಅಕ್ಕ ಬಾಗಿಲ ಪಕ್ಕದಲ್ಲೇ ಕೂರಿಸಿ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು. ಮೊದಲ ತುತ್ತು ನುಂಗಿದವನು ಎರಡನೆಯದಕ್ಕೆ ಕೈ ಹಾಕಲಿಲ್ಲ. ಸಾರಿಗೆ ಒಗ್ಗರಣೆ ಇರಲಿಲ್ಲ. ತಲೆಯೆತ್ತಿ ನಡುಕೋಣೆಯ ಕಡೆ ನೋಡಿದೆ. ಕಿಟಕಿಯ ಗೋಣಿ ತಾಟು ಕಿತ್ತಿತ್ತು. ತಟ್ಟೆಗಳು ನಡುಕೋಣೆ ದಾಟಿ ಪಡಸಾಲೆಗೂ, ಭಾವನ ಮಂಚದ ಮೇಲಕ್ಕೂ ಬಂದಿದ್ದವು. ಒಂದಕ್ಕೆರಡು ತಟ್ಟೆ. ಹುಳುಗಳು ದೂರ ದೂರ ಮಲಗಿ ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು.

"ಯಾವ ತಳಿ?" ಎಂದೆ.

"ನಿಂದೇ" ಅಂದಳು ಅಕ್ಕ. "ಫಾರಂಗೆ ಹೋಗಿ ನಾನೇ ಇಸ್ಕೊಂಡ್ ಬಂದೆ."

ನಾನು ಎದ್ದು, ಕೈಯಲ್ಲಿ ಎಂಜಲಿದ್ದ ಹಾಗೇ ಜಗಲಿಗೆ ಬಂದೆ. "ಮುನಿಶಾಮಪ್ಪ, ಅಕ್ಕ ಒಗ್ಗರಣೆ ಹಾಕಿರಲಿಲ್ಲ. ಈ ಹುಳಕ್ಕೆ ಜಾಗ ಜಾಸ್ತಿ ಬೇಕು ಅಂತ ನಂಗೆ ಗೊತ್ತಿತ್ತು, ಹೇಳಿದ್ರೆ ನೀವ್ಯಾರೂ ತಗೊಳ್ಳಲ್ಲ ಅಂತ ಮುಚ್ಚಿಟ್ಟೆ. ಹುಳ ಸತ್ತಿದ್ದು ನನ್ನಿಂದ" ಎಂದೆ.

ಬೆನ್ನು ತಟ್ಟಲು ಇಲ್ಲಿ ಯಾರೂ ಬರಲಿಲ್ಲ. ಮುನಿಶಾಮಪ್ಪ ಎದ್ದು ಒಳಗೆ ಬಂದು, ಮಂಚದ ಮೇಲಿನ ತಟ್ಟೆಗಳನ್ನು ಬೆರಳಿಟ್ಟು ಎಣಿಸಿದ.

"ನನ್ನ ಮನೇಲಿ ಇಷ್ಟು ಜಾಗ ಇಲ್ಲ. ದನದ ಕೊಟ್ಟಿಗೆ ಖಾಲಿ ಮಾಡಿದ್ರೆ ಆಯ್ತದಾ?" ಎಂದ.

"ಗಾಳಿ ಆಡಿದ್ರೆ ಆಗುತ್ತೆ" ಎಂದೆ.

ಅವನು ನಾರಾಯಣಮ್ಮನ ಕಡೆ ತಿರುಗಿ ಒಂದು ಸಲ ಕೈ ಮುಗಿದು ಹೊರಗೆ ನಡೆದ. ಅವನ ಹಿಂದೆ ಉಳಿದವರೂ ಹೋದರು.

"ಸುಮ್ನೆ ಇರಾಕಾಗ್ಲಿಲ್ವಾ ನಿಂಗೆ?" ಎಂದು ಅಕ್ಕ ಬೈದಳು. ನಾನು ಬಂದು ಊಟದ ತಟ್ಟೆಯ ಮುಂದೆ ಕೂತೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಆ ಸಪ್ಪೆ ಸಾರನ್ನೇ ಇನ್ನೊಂದು ಸೌಟು ಬಡಿಸಿದಳು.